ಅರೆನೆರಳಿನ ಹಿತ್ತಿಲು
ಹಿಂದೂಪುರ, ಕಲ್ಯಾಣದುರ್ಗಗಳ ಮನೆಗಳಿಂದ ನಾವು ಕಲಿಯಬಹುದಾದುದು

"ನಮ್ಮ ಹಿತ್ತಿಲಿಗೆ ಬಿಸಿಲೇ ಬೀಳುವುದಿಲ್ಲ, ತರಕಾರಿ ಎಲ್ಲಿಂದ ಆಗಬೇಕು?" ಎಂಬ ಮಾತು ಕಾಸರಗೋಡಿನ ನಮ್ಮ ಮನೆಗಳಲ್ಲಿ ಸದಾ ಕೇಳಿಬರುವಂಥದು. ತೆಂಗು, ಕಂಗು, ಹಲಸು, ಮಾವುಗಳು ಸುತ್ತ ಕೊಡೆ ಹಿಡಿದು ನಿಂತ ಮೇಲೆ ಕೆಳಗಿನ ಬೆಂಡೆಯೂ ಬದನೆಯೂ ಸೊರಗುವುದು ಸಹಜವೇ. ಎರಡು ವರ್ಷ ಬೀಜ ಹಾಕಿ ನೋಡಿ, ಮೂರನೆಯ ವರ್ಷಕ್ಕೆ ಕೈಬಿಟ್ಟು, ಚೀಲ ಹಿಡಿದು ಪೇಟೆಗೆ ಹೋಗುವ ಮನೆಗಳೇ ಹೆಚ್ಚು. ನೆರಳೇ ಅಪರಾಧಿಯೆಂದು ತೀರ್ಪಿತ್ತು ಮರಕ್ಕೆ ಕೊಡಲಿ ಹಾಕಿದವರೂ ಇಲ್ಲದಿಲ್ಲ.

ಆದರೆ ಇದೇ ನೆರಳಿಗಾಗಿ ಹಾತೊರೆಯುವ ಕನ್ನಡ ಮನೆಗಳೂ ಉಂಟು. ಆಂಧ್ರಪ್ರದೇಶದ ಹಿಂದೂಪುರ, ಕಲ್ಯಾಣದುರ್ಗಗಳಲ್ಲಿ ಹಿತ್ತಿಲಿನ ಒಂದು ಬೇವು, ಒಂದು ನುಗ್ಗೆ, ಗೋಡೆಯ ಮಗ್ಗುಲಿನ ನಾಲ್ಕು ಅಡಿ ತಂಪು ಜಾಗ, ಇವೇ ಬೇಸಗೆಯ ಮೂರು ತಿಂಗಳು ಅಡಿಗೆಮನೆಗೆ ಸೊಪ್ಪು ಒದಗಿಸುತ್ತವೆ. ನಮಗೆ ತೊಂದರೆಯಾಗಿ ಕಾಣುವುದು ಅವರಿಗೆ ಆಸರೆ. ಅವರು ನೆರಳನ್ನು ಹೇಗೆ ದುಡಿಸಿಕೊಳ್ಳುತ್ತಾರೆ ಎಂಬುದನ್ನು ತಿಳಿದರೆ ನಮ್ಮ ಹಿತ್ತಿಲಿನ ಸಮಸ್ಯೆಗೂ ದಾರಿ ಕಂಡೀತು ಎಂಬ ಭರವಸೆಯಿಂದ ಈ ಲೇಖನ.

ಗಡಿಯಾಚೆಯ ನೆಂಟರು

ಈ ಊರುಗಳು ನಮಗೆ ತೀರ ಪರಕೀಯವಲ್ಲ. ಅನಂತಪುರ ಜಿಲ್ಲೆ 1882ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ರೂಪುಗೊಂಡದ್ದು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಅದು ಆ ಕಡೆಗೆ ಹೋಯಿತು; ಬಳ್ಳಾರಿಗೆ ಸೇರಿದ್ದ ರಾಯದುರ್ಗವೂ ಅದರೊಡನೆ ಹೋಯಿತು. ಮೂರು ವರ್ಷಗಳ ಅನಂತರ, 1956ರ ನವೆಂಬರ್ 1ರಂದು, ನಾವು ಕೇರಳದವರಾದೆವು. 2022ರ ಏಪ್ರಿಲ್‌ನಲ್ಲಿ ಜಿಲ್ಲೆಗಳನ್ನು ಮತ್ತೆ ವಿಭಜಿಸಿದಾಗ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಕಲ್ಯಾಣದುರ್ಗ ಅನಂತಪುರ ಜಿಲ್ಲೆಯಲ್ಲೇ ಉಳಿಯಿತು. ಹಿಂದೂಪುರಕ್ಕೆ ಗೌರಿಬಿದನೂರು ನೆರೆಯೂರು. ಕಲ್ಯಾಣದುರ್ಗಕ್ಕೂ ಹಿಂದೂಪುರಕ್ಕೂ ನಡುವೆ ಮೂಗು ತೂರಿಸಿದಂತೆ ಕರ್ನಾಟಕದ ಪಾವಗಡ ತಾಲೂಕು ಚಾಚಿಕೊಂಡಿದೆ. ಬೀದಿಯಲ್ಲಿ ತೆಲುಗು, ಮನೆಯೊಳಗೆ ಕನ್ನಡ ಎಂಬ ಸ್ಥಿತಿ ಅಲ್ಲಿನ ಅನೇಕ ಕುಟುಂಬಗಳದು. ಬೀದಿಯ ಭಾಷೆ ಒಂದು, ಒಲೆಯ ಭಾಷೆ ಇನ್ನೊಂದು ಎಂಬುದು ನಮಗೆ ವಿವರಿಸಿ ಹೇಳಬೇಕಾದ ಸಂಗತಿಯಲ್ಲ.

ಹವಾಮಾನದಲ್ಲಿ ಮಾತ್ರ ಅವರಿಗೂ ನಮಗೂ ಅಜಗಜಾಂತರ. ನಮ್ಮಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ. ಅಲ್ಲಿ ಸುಮಾರು 550, ಅದೂ ಬಂದರೆ. ಪಶ್ಚಿಮ ಘಟ್ಟಗಳು ಮುಂಗಾರಿನ ನೀರನ್ನೆಲ್ಲ ನಮ್ಮ ಕಡೆಗೇ ಇಳಿಸಿಬಿಡುವುದರಿಂದ ಘಟ್ಟದಾಚೆಯ ಆ ಸೀಮೆಗೆ ಉಳಿಯುವುದು ಒಣಗಾಳಿ. ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳ ಮಳೆಯೇ ಅವರ ಮುಖ್ಯ ಆಸರೆ. ಕೆಂಪು ಮಣ್ಣು, ಅದಕ್ಕೆ ನೀರು ಹಿಡಿದಿಡುವ ಶಕ್ತಿ ಕಡಿಮೆ. ಹಿಂದೂಪುರ ಸಮುದ್ರಮಟ್ಟದಿಂದ 600 ಮೀಟರಿಗಿಂತ ಎತ್ತರದಲ್ಲಿರುವುದರಿಂದ ತುಸು ತಂಪು. ಕಲ್ಯಾಣದುರ್ಗದಲ್ಲಿ ಏಪ್ರಿಲ್ ಹೊತ್ತಿಗೆ ಬಿಸಿಲು 40 ಡಿಗ್ರಿಯ ಸುತ್ತಮುತ್ತ ಸುಳಿಯುತ್ತದೆ.

ಲೆಕ್ಕ ಬಿಸಿಲಿನದಲ್ಲ, ನೀರಿನದು

ಅಲ್ಲಿನ ಹಿತ್ತಿಲಿನ ಮರ್ಮವಿರುವುದು ಬಚ್ಚಲಿನಲ್ಲಿ. ಬಾವಿ ಬತ್ತಿ, ಕೊಳವೆಬಾವಿ ಕೈಕೊಡುವ ಕಾಲದಲ್ಲಿ ಗಿಡಕ್ಕೆಂದು ಪ್ರತ್ಯೇಕ ನೀರು ಯಾರೂ ಇಡಲಾರರು. ಸ್ನಾನ ಮಾಡಿದ, ಅಕ್ಕಿ ತೊಳೆದ ನೀರೇ ತರಕಾರಿಗೆ.

ಇಲ್ಲಿ ಒಂದು ಸಣ್ಣ ಲೆಕ್ಕ ಹಾಕೋಣ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ನೀರೆಂದರೆ ಸರಿಯಾಗಿ ಒಂದು ಲೀಟರ್. ಬೇಸಗೆಯ ಬಯಲಿನಲ್ಲಿ ಸೊಪ್ಪಿನ ಮಡಿಯಿಂದ ದಿನಕ್ಕೆ ಆರೇಳು ಮಿಲಿಮೀಟರ್ ನೀರು ಆವಿಯಾಗಿ ಹೋಗುತ್ತದೆ. ಅಂದರೆ ಚದರ ಮೀಟರಿಗೆ ಆರೇಳು ಲೀಟರ್. ನಾಲ್ವರಿರುವ ಮನೆಯಲ್ಲಿ ತಲೆಗೊಂದು 15 ಲೀಟರಿನ ಬಕೆಟಿನಂತೆ ಸ್ನಾನದ ನೀರು 60 ಲೀಟರ್. ಬಯಲಿನಲ್ಲಿ ಇದು ಒಂಬತ್ತು ಚದರ ಮೀಟರಿಗೆ ಮುಗಿಯಿತು. ಅದೇ ಮಡಿ ಮಧ್ಯಾಹ್ನದ ಮೇಲೆ ನೆರಳು ಬೀಳುವ ಜಾಗದಲ್ಲಿದ್ದು ನೀರಿನ ಬೇಡಿಕೆ ಮೂರರಲ್ಲೊಂದು ಪಾಲು ತಗ್ಗಿತೆಂದರೂ ಸಾಕು, ಅದೇ ನಾಲ್ಕು ಬಕೆಟ್ ನೀರು ಹದಿಮೂರು, ಹದಿನಾಲ್ಕು ಚದರ ಮೀಟರಿಗೆ ಬರುತ್ತದೆ. ಮೇಲಾಗಿ, ಒಂದು ದಿನ ನೀರು ತಪ್ಪಿದರೆ ಬಯಲಿನ ಕೊತ್ತಂಬರಿ ತಲೆಬಾಗುತ್ತದೆ. ನೆರಳಿನದು ಮರುದಿನಕ್ಕೂ ಕಾಯುತ್ತದೆ.

ಬಿಸಿಲಿನ ಗಿಡಗಳಿಗೂ ಅಲ್ಲಿ ನೆರಳು ಬೇಕಾಗುವುದುಂಟು. ಹಗಲಿನ ಶಾಖ 35 ಡಿಗ್ರಿ ದಾಟಿತೆಂದರೆ ಟೊಮೆಟೊದ ಪರಾಗ ಕೆಟ್ಟು ಹೂವು ಕಾಯಿ ಕಚ್ಚದೆ ಉದುರುತ್ತದೆ. ಬೆಳಗಿನ ಬಿಸಿಲುಂಡು ಮಧ್ಯಾಹ್ನದ ಮೇಲೆ ನೆರಳು ಸೇರುವ ಟೊಮೆಟೊ, ಮೆಣಸಿನ ಗಿಡಗಳು ಅಲ್ಲಿನ ಚೈತ್ರ, ವೈಶಾಖಗಳನ್ನು ದಾಟಿ ಬದುಕುವುದು ಇದರಿಂದಲೇ.

ನೆರಳೆಲ್ಲ ಒಂದೇ ಅಲ್ಲ

ಹುಣಸೆಯ ನೆರಳು ಬೇರೆ, ನುಗ್ಗೆಯ ನೆರಳು ಬೇರೆ. ಹುಣಸೆಯಡಿ ದಟ್ಟ ಕತ್ತಲೆ; ಬೇರೂ ಬಲಿಷ್ಠ. ಹಿಂದೂಪುರ ಹುಣಸೆಹಣ್ಣಿನ ವ್ಯಾಪಾರಕ್ಕೆ ಹೆಸರಾದ ಊರಾದರೂ ಹುಣಸೆಯ ಬುಡದಲ್ಲಿ ತರಕಾರಿ ಮಡಿ ಮಾಡುವವರು ಯಾರೂ ಸಿಗಲಾರರು. ನುಗ್ಗೆಯ ಎಲೆ ಚಿಕ್ಕದು; ಬಿಸಿಲನ್ನು ಜರಡಿ ಹಿಡಿದಂತೆ ಸೋಸಿ ಕೆಳಗಿಳಿಸುತ್ತದೆ. ಅದರಡಿ ಮೆಂತ್ಯ, ಕೊತ್ತಂಬರಿ, ಪುದೀನ ಚೆನ್ನಾಗಿ ಬರುತ್ತವೆ. ಮರ ಬೆಳೆದು ನೆರಳು ಹೆಚ್ಚಿತೆನಿಸಿದರೆ ಕೊಂಬೆ ಸವರಿದರಾಯಿತು. ಸವರಿದ ಸೊಪ್ಪು ಸಾರಿಗೆ, ಕಾಯಿ ಹುಳಿಗೆ.

ಬೇವಿನ ಉಪಕಾರ ಇನ್ನೂ ಸೂಕ್ಷ್ಮವಾದುದು. ಚಳಿ ಕಳೆಯುತ್ತಿದ್ದಂತೆ ಅದು ಎಲೆ ಉದುರಿಸಿ ನೆಲಕ್ಕೆ ಬೆಳಕು ಬಿಡುತ್ತದೆ. ಯುಗಾದಿಯ ಹೊತ್ತಿಗೆ ಹೊಸ ಚಿಗುರು, ಹೂವು. ಬಿಸಿಲು ಏರುವುದಕ್ಕೂ ನೆರಳು ಮರಳುವುದಕ್ಕೂ ಸರಿಹೋಗುತ್ತದೆ. ಹೊಂಗೆಯ ನಡತೆಯೂ ಬಹುತೇಕ ಹೀಗೆಯೇ. ಬೇಕಾದಾಗ ಹೊದ್ದು ಬೇಡವಾದಾಗ ತೆಗೆದಿಡುವ ಇಂಥ ಕೊಡೆಯನ್ನು ಯಾವ ಅಂಗಡಿಯಲ್ಲೂ ಕೊಳ್ಳಲಾಗದು. ಅಂಗಡಿಯ ಹಸಿರು ಬಲೆ ವರ್ಷವಿಡೀ ಒಂದೇ ನೆರಳು ಕೊಡುತ್ತದೆ. ಹಾಗೆಯೇ ತರಬೇಕಾದರೂ ಅರ್ಧ ಬೆಳಕು ಬಿಡುವಂಥದನ್ನು ಕೇಳಿ ತರಬೇಕು. ಮುಕ್ಕಾಲು ಬೆಳಕು ತಡೆಯುವ ಬಲೆಯಡಿ ಸೊಪ್ಪು ಸಹ ಸೊರಗುತ್ತದೆ.

ಮನುಷ್ಯರೇ ಮಾಡಿಕೊಳ್ಳುವ ನೆರಳೂ ಉಂಟು. ಅದು ಅವರೆಯ ಚಪ್ಪರ. ಬುಡ ನೆರಳಂಚಿನ ತಂಪಿನಲ್ಲಿ, ಬಳ್ಳಿ ಮೇಲಿನ ಬಿಸಿಲಿನಲ್ಲಿ. ಅವರೆ, ಹೀರೆ, ಪಡುವಲ, ತೊಂಡೆಗಳೆಲ್ಲ ಈ ಏರ್ಪಾಟಿಗೆ ಒಗ್ಗುತ್ತವೆ. ಬಳ್ಳಿ ಬಿಸಿಲು ತಿನ್ನುತ್ತಿರುವಾಗ ಚಪ್ಪರದಡಿಯಲ್ಲಿ ಕೊತ್ತಂಬರಿ ತಣ್ಣಗೆ ಬೆಳೆಯುತ್ತದೆ. ಹಿಂದೂಪುರದ ಸುತ್ತ ರೇಷ್ಮೆ ಬೇಸಾಯ ಬಹಳ. ಹುಳು ಸೊಪ್ಪು ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿಗಳು ಬಳ್ಳಿಗೆ ಆಸರೆಗೋಲಾಗುತ್ತವೆ. ಹುಳದ ಹಿಕ್ಕೆ, ತಿಂದುಳಿದ ಸೊಪ್ಪು ಗುಂಡಿಯಲ್ಲಿ ಕೊಳೆತು ಗೊಬ್ಬರವಾಗುತ್ತದೆ. ಕಲ್ಯಾಣದುರ್ಗದ ಕಡೆ ನೆಲಗಡಲೆಯ ಸಿಪ್ಪೆ ಮಡಿಗೆ ಹೊದಿಕೆ. ಹೊದಿಕೆಯಿದ್ದರೆ ಹಾಕಿದ ನೀರು ಗಾಳಿಯ ಪಾಲಾಗದೆ ಬೇರಿಗೆ ಸಿಗುತ್ತದೆ.

ಸೂರ್ಯನ ನಡೆಯನ್ನು ಅರಿತುಕೊಳ್ಳಿ

ಹಿತ್ತಿಲಿನ ನೆರಳು ವರ್ಷವಿಡೀ ಒಂದೇ ಕಡೆ ನಿಲ್ಲುವುದಿಲ್ಲ. ಇದನ್ನು ಗಮನಿಸದೆ ಮಡಿ ಮಾಡುವುದೇ ಅನೇಕರ ಸೋಲಿಗೆ ಕಾರಣ. ಹಿಂದೂಪುರ 14 ಡಿಗ್ರಿ ಉತ್ತರ ಅಕ್ಷಾಂಶಕ್ಕೆ ಹತ್ತಿರ, ಕಲ್ಯಾಣದುರ್ಗ ಸುಮಾರು ಹದಿನಾಲ್ಕೂವರೆ, ಕಾಸರಗೋಡು ಹನ್ನೆರಡೂವರೆ. ಆದುದರಿಂದ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯ ಮೇಲೆ ಬರುವುದು ವಿಷು ಕಳೆದು ಒಂದು ವಾರದ ಮೇಲೆ. ಅವರಿಗೆ ಏಪ್ರಿಲಿನ ಕೊನೆಯ ದಿನಗಳಲ್ಲಿ. ಅಲ್ಲಿಂದ ಆಗಸ್ಟ್ ನಡುವಿನವರೆಗೆ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ವಾಲಿರುತ್ತಾನೆ. ಉಳಿದ ಕಾಲವೆಲ್ಲ ದಕ್ಷಿಣಕ್ಕೆ.

ಮನೆಯ ಹತ್ತು ಅಡಿ ಎತ್ತರದ ಗೋಡೆಯನ್ನೇ ಉದಾಹರಣೆಗೆ ತೆಗೆದುಕೊಳ್ಳಿ. ಮಕರ ಸಂಕ್ರಾಂತಿಯ ಮಧ್ಯಾಹ್ನ ಹಿಂದೂಪುರದಲ್ಲಿ ಅದರ ನೆರಳು ಉತ್ತರಕ್ಕೆ ಏಳು ಅಡಿಯಷ್ಟು ಬೀಳುತ್ತದೆ. ಜೂನ್ ನಡುವಿನಲ್ಲಿ ಅದೇ ಗೋಡೆಯ ನೆರಳು ದಕ್ಷಿಣಕ್ಕೆ ತಿರುಗಿ ಎರಡು ಅಡಿಗೂ ಕಡಿಮೆಯಾಗುತ್ತದೆ. ಅಂದಮೇಲೆ ಜನವರಿಯಲ್ಲಿ "ಇಲ್ಲಿ ಬಿಸಿಲಿಲ್ಲ" ಎಂದು ಬಿಟ್ಟ ಉತ್ತರದ ಮಗ್ಗುಲು ಮೇ ತಿಂಗಳಲ್ಲಿ ಬಿಸಿಲು ಕಾಯುತ್ತಿರುತ್ತದೆ.

ಇದಕ್ಕೆ ಯಂತ್ರ ಬೇಡ, ಹಣ ಬೇಡ. ಒಂದು ಭಾನುವಾರ ಬೆಳಗ್ಗೆ ಎಂಟರಿಂದ ಸಂಜೆ ಐದರವರೆಗೆ ಗಂಟೆಗೊಮ್ಮೆ ಹಿತ್ತಿಲಿಗೆ ಹೋಗಿ ಬಿಸಿಲು ಬಿದ್ದ ಜಾಗದಲ್ಲಿ ಕಡ್ಡಿ ನೆಡಿ. ಮಕ್ಕಳಿಗೆ ವಹಿಸಿದರೆ ಅವರೇ ಉತ್ಸಾಹದಿಂದ ಮಾಡಿಯಾರು. ಸಂಕ್ರಾಂತಿಗೊಮ್ಮೆ, ವಿಷುವಿಗೊಮ್ಮೆ, ಮಳೆ ಬಿಟ್ಟ ಮೇಲೆ ಒಮ್ಮೆ, ಹೀಗೆ ವರ್ಷಕ್ಕೆ ಮೂರು ಸಲ ನೋಡಿ ಬರೆದಿಟ್ಟರೆ ನಿಮ್ಮ ಹಿತ್ತಿಲಿನ ಪಂಚಾಂಗ ನಿಮ್ಮ ಕೈಯಲ್ಲೇ ಸಿದ್ಧ.

ಯಾವುದಕ್ಕೆ ಎಷ್ಟು ಬಿಸಿಲು?

ಎರಡು ಮೂರು ಗಂಟೆಯ ಬಿಸಿಲು ಅಥವಾ ದಿನವಿಡೀ ಎಲೆಗಳೆಡೆಯಿಂದ ಸೋಸಿದ ಬೆಳಕು ಮಾತ್ರ ಸಿಗುವ ಜಾಗಕ್ಕೆ ಕೆಸು, ಶುಂಠಿ, ಅರಿಶಿನ, ಸುವರ್ಣಗಡ್ಡೆ, ಒಂದೆಲಗ, ಪುದೀನ, ದೊಡ್ಡಪತ್ರೆ, ಚಕ್ರಮುನಿ ಸೂಕ್ತ. ಸುವರ್ಣಗಡ್ಡೆಯಲ್ಲಿ ಆಂಧ್ರದ ಕೊವ್ವೂರಿನಿಂದ ಬಂದ ಗಜೇಂದ್ರ ಎಂಬ ತಳಿ ತುರಿಕೆಯಿಲ್ಲದ್ದೆಂದು ಹೆಸರಾಗಿದೆ. ನೆಟ್ಟು ಎಂಟೊಂಬತ್ತು ತಿಂಗಳು ಮರೆತರೂ ಅದು ಮುನಿಯುವುದಿಲ್ಲ.

ಮೂರರಿಂದ ಐದು ಗಂಟೆ ಬಿಸಿಲಿದ್ದರೆ ಬಸಳೆ, ಕೊತ್ತಂಬರಿ, ಮೆಂತ್ಯ, ಪಾಲಕ್, ಹೊನಗೊನ್ನೆ, ಮೂಲಂಗಿ. ಹರಿವೆಗೆ ನಾಲ್ಕೈದು ಗಂಟೆಯಾದರೂ ಬೇಕು. ಅದಕ್ಕೂ ಕಡಿಮೆಯಾದರೆ ದಂಟು ಸಣಕಲಾಗಿ ಉದ್ದಕ್ಕೆ ಏಳುತ್ತದೆ. ಕೆಂಪು ಹರಿವೆಯ ಬಣ್ಣವೂ ಮಾಸುತ್ತದೆ. ಮೆಂತ್ಯವನ್ನು ಮೂರು ನಾಲ್ಕು ವಾರಕ್ಕೆ, ಹರಿವೆಯನ್ನು ಒಂದು ತಿಂಗಳಿಗೆ ಕೀಳಬಹುದು. ಕೊತ್ತಂಬರಿ ಬೀಜವನ್ನು ಉಜ್ಜಿ ಎರಡು ಹೋಳು ಮಾಡಿ ಬಿತ್ತಿದರೆ ಮೊಳಕೆ ಚೆನ್ನಾಗಿ ಬರುತ್ತದೆ. ಬೇಸಗೆಯ ಬಯಲಿನಲ್ಲಿ ಅದು ಎಲೆ ಬಿಡುವ ಮೊದಲೇ ಹೂವಿಗೆ ತಿರುಗುತ್ತದೆ, ನೆರಳಿನಲ್ಲಿ ನಿಧಾನಿಸುತ್ತದೆ.

ಬೆಂಡೆ, ಬದನೆ, ಟೊಮೆಟೊ, ಅಲಸಂದೆ, ಸೌತೆಗಳಿಗೆ ಆರು ಗಂಟೆಗೂ ಮಿಕ್ಕಿದ ಬಿಸಿಲೇ ಬೇಕು. ಕಾಯಿ ಬಿಡುವ ಗಿಡಕ್ಕೆ ನೆರಳಿನಲ್ಲಿ ಗೊಬ್ಬರ ಸುರಿದರೆ ಎಲೆ ಬಂದೀತೇ ಹೊರತು ಕಾಯಿ ಬಾರದು. ಎಲೆ, ಗಡ್ಡೆಗಳನ್ನು ನೆರಳಿನಿಂದಲೂ ಕಾಯಿಗಳನ್ನು ಬಿಸಿಲಿನಿಂದಲೂ ಕೇಳಬೇಕು. ಇಷ್ಟನ್ನು ತಿಳಿದವನಿಗೆ ಅರ್ಧ ಬೇಸಾಯ ಬಂದಂತೆಯೇ.

ದಿಕ್ಕಿನ ಮಾತೂ ಇಲ್ಲಿಗೆ ಸೇರುತ್ತದೆ. ಬಯಲುಸೀಮೆಯ ಬೇಸಗೆಯಲ್ಲಿ ಮನೆಯ ಮೂಡುಮಗ್ಗುಲು ಶ್ರೇಷ್ಠ. ಅಲ್ಲಿ ಬೆಳಗಿನ ಎಳೆಬಿಸಿಲು ಸಿಕ್ಕಿ ಮಧ್ಯಾಹ್ನದ ಮೇಲೆ ಗೋಡೆಯೇ ನೆರಳಾಗುತ್ತದೆ. ಪಡುಮಗ್ಗುಲಲ್ಲಿ ಕಾದ ಗೋಡೆಯ ಝಳ ರಾತ್ರಿಯವರೆಗೂ ಇರುವುದರಿಂದ ಅಲ್ಲಿ ನುಗ್ಗೆಯನ್ನೋ ಪಪ್ಪಾಯವನ್ನೋ ನೆಟ್ಟು ತಡೆ ಒಡ್ಡುವುದು ಲೇಸು.

ಇನ್ನು ಮರದ ಬೇರಿನ ಪೈಪೋಟಿ. ಅನೇಕ ಸಲ ಗಿಡ ಸೊರಗುವುದು ನೆರಳಿನಿಂದಲ್ಲ, ಮರವೇ ನೀರು ಗೊಬ್ಬರ ಕಸಿದುಕೊಳ್ಳುವುದರಿಂದ. ಮಡಿಗೂ ಮರಕ್ಕೂ ನಡುವೆ ವರ್ಷಕ್ಕೊಮ್ಮೆ ಒಂದಡಿ ಆಳದ ಚರಂಡಿ ತೋಡಿ ಎಳೆಬೇರುಗಳನ್ನು ಕಡಿದುಬಿಡಬೇಕು. ಅದಾಗದಿದ್ದರೆ ಹಳೆಯ ಬಕೆಟು, ಒಡೆದ ಕೊಡ, ಸಿಮೆಂಟಿನ ಚೀಲಗಳಲ್ಲಿ ಮಣ್ಣು ತುಂಬಿ ಬೆಳೆಸಬಹುದು. ತಳಕ್ಕೆ ತೂತು ಮಾಡಲು ಮರೆಯಬಾರದು.

ನಮ್ಮ ಕಡೆಗೆ ಬಂದರೆ

ಘಟ್ಟ ಇಳಿದು ನಮ್ಮ ಮನೆವಠಾರಕ್ಕೆ ಬಂದಾಗ ಈ ಪಾಠವನ್ನು ತಿರುವಿ ಓದಬೇಕಾಗುತ್ತದೆ. ಅವರಿಗೆ ನೆರಳನ್ನು ಕೂಡಿಸುವ ಚಿಂತೆ. ನಮಗೆ ಬೆಳಕನ್ನು ಹುಡುಕುವ ಚಿಂತೆ. ಅಳೆಯುವ ಕ್ರಮ ಮಾತ್ರ ಒಂದೇ.

ನಮ್ಮ ಜಿಲ್ಲೆಯಲ್ಲೇ 1916ರಲ್ಲಿ ತೆಂಗಿನ ಸಂಶೋಧನೆ ಆರಂಭವಾಯಿತು. ಇಂದು ಅದು ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ. ತೆಂಗಿನಡಿಯ ಬೆಳಕಿನ ಬಗ್ಗೆ ಬಹುಕಾಲದಿಂದ ತಿಳಿದಿರುವ ಸಂಗತಿ ಇಷ್ಟು: ಏಳೂವರೆ ಮೀಟರ್ ಅಂತರದಲ್ಲಿ ನೆಟ್ಟ ತೆಂಗಿನಡಿ ಮೊದಲ ಎಂಟು ವರ್ಷ ಬೆಳಕು ಧಾರಾಳ, ಎಂಟರಿಂದ ಇಪ್ಪತ್ತೈದರವರೆಗೆ ಮಡಲು ಕೂಡಿಕೊಂಡು ಬೆಳಕು ಕಡಿಮೆ, ಆಮೇಲೆ ಮರ ಎತ್ತರವಾದಂತೆ ಮತ್ತೆ ಬೆಳಕು ಇಳಿಯುತ್ತದೆ. ಅಜ್ಜ ನೆಟ್ಟ ತೆಂಗಿನ ಬುಡದಲ್ಲಿ ಏನೂ ಆಗದೆಂಬ ನಮ್ಮ ನಂಬಿಕೆ ಬಹಳಷ್ಟು ಮನೆಗಳ ಮಟ್ಟಿಗೆ ಸುಳ್ಳು. ಕಂಗಿನ ತೋಟ ಇದಕ್ಕಿಂತ ದಟ್ಟ. ಅಲ್ಲಿ ಗಡ್ಡೆ, ಕೆಸು, ಶುಂಠಿಗಳಿಗೇ ತೃಪ್ತಿಪಡಬೇಕು.

ಮಳೆಗಾಲದಲ್ಲಿ ಮೋಡವೇ ಒಂದು ನೆರಳು. ಆಗ ಮರದಡಿ ಸೊಪ್ಪು ಬಿತ್ತುವುದು ಬಸವನಹುಳುಗಳಿಗೆ ಊಟವಿಕ್ಕಿದಂತೆ. ಕೆಂಪು ಹರಿವೆಯ ಎಲೆಗೆ ಚುಕ್ಕೆರೋಗವೂ ಆಗಲೇ ಹೆಚ್ಚು. ಹಸಿರು ಹರಿವೆ ತಡೆದುಕೊಳ್ಳುತ್ತದೆ. ಬಿಸಿಲು ತಾಗುವ ಅಂಗಳದ ಮೂಲೆಯಲ್ಲಿ ಏರಿ ಎತ್ತರಿಸಿ, ಮೇಲೆ ಪ್ಲಾಸ್ಟಿಕ್ ಹಾಳೆಯ ಮಳೆಮರೆ ಕಟ್ಟಿದರೆ ಆಟಿಯಲ್ಲೂ ಸೊಪ್ಪು ಸಿಗುತ್ತದೆ. ಅಲ್ಲಿಯವರು ಬಿಸಿಲಿಗೆ ಕಟ್ಟುವ ಚಪ್ಪರವನ್ನು ನಾವು ಮಳೆಗೆ ಕಟ್ಟುತ್ತೇವೆ, ಅಷ್ಟೆ. ನವೆಂಬರಿನಿಂದ ಮೇವರೆಗಿನ ಆರೇಳು ತಿಂಗಳು ನಮ್ಮ ಅರೆನೆರಳು ಅವರ ಅರೆನೆರಳಿನಷ್ಟೇ ಉಪಕಾರಿ. ಸುಡುಮಣ್ಣು, ಹಟ್ಟಿಗೊಬ್ಬರ, ತರಗೆಲೆಯ ಹೊದಿಕೆಗೆ ನಮ್ಮಲ್ಲಿ ಬಡತನವಿಲ್ಲ. ಬಚ್ಚಲ ನೀರಂತೂ ಎಲ್ಲರಲ್ಲೂ ಉಂಟು.

ಕಳವಳದ ಸಂಗತಿಯೊಂದನ್ನು ಇಲ್ಲಿ ಹೇಳದಿರಲಾಗದು. ಎರಡೂ ಕಡೆ ಈಗ ಹಿತ್ತಿಲೇ ಮಾಯವಾಗುತ್ತಿದೆ. ಅಲ್ಲಿ ಹೊಸ ಮನೆ ಕಟ್ಟುವಾಗ ಮೊದಲು ಉರುಳುವುದು ಬೇವು. ಆಮೇಲೆ ಸಿಮೆಂಟಿನ ಅಂಗಳ. ಬೇಸಗೆ ಬಂದಾಗ ಹಣ ಕೊಟ್ಟು ತಂದ ಹಸಿರು ಬಲೆ. ಇಲ್ಲಿ ಮುರಕಲ್ಲಿನ ಅಂಗಳದ ಮೇಲೆ ಇಂಟರ್‌ಲಾಕ್ ಹಾಸು. ಬಿದ್ದ ಮಳೆ ನೇರ ತೋಡಿಗೆ. ಒಮ್ಮೆ ಕಡಿದ ಮರದ ನೆರಳನ್ನು ಮರಳಿ ಪಡೆಯಲು ಹತ್ತು ಹದಿನೈದು ವರ್ಷ ಬೇಕು ಎಂಬುದನ್ನು ಕೊಡಲಿ ಎತ್ತುವ ಮೊದಲೇ ನೆನೆಯುವುದೊಳ್ಳೆಯದು.

ಹೆಸರೂ ಬೆಳೆಯಲಿ

ಕೊನೆಯದಾಗಿ ಒಂದು ಮಾತು. ಹಿಂದೂಪುರದ ಸಂತೆಯಲ್ಲಿ ಹರಿವೆ ತೋಟಕೂರವಾಗುತ್ತದೆ, ಅವರೆ ಚಿಕ್ಕುಡಾಗುತ್ತದೆ, ಸುವರ್ಣಗಡ್ಡೆ ಕಂದವಾಗುತ್ತದೆ. ಬಸಳೆಗೆ ಅಲ್ಲಿ ಬಚ್ಚಲಿ ಎಂದು ಹೆಸರು. ಬಚ್ಚಲ ನೀರಿಗೆ ಬೆಳೆಯುವ ಸೊಪ್ಪು ಬಚ್ಚಲಿಯಾದದ್ದು ಕನ್ನಡ ಕಿವಿಗೆ ತಮಾಷೆಯಾಗಿಯೇ ಕೇಳಿಸುತ್ತದೆ. ನಮ್ಮ ಪೇಟೆಯಲ್ಲಿ ಅದೇ ಹರಿವೆ ಚೀರ, ಅದೇ ಸುವರ್ಣಗಡ್ಡೆ ಚೇನ, ಅದೇ ಶುಂಠಿ ಇಂಜಿ. ನೆರೆಯ ಭಾಷೆಯ ಹೆಸರು ಕಲಿಯುವುದರಲ್ಲಿ ತಪ್ಪಿಲ್ಲ, ಕಲಿಯಲೇಬೇಕು. ಆದರೆ ಕೊಂಡು ತಂದ ತರಕಾರಿಗೆ ಮಾರುವವನ ಭಾಷೆಯ ಹೆಸರೇ ಅಂಟಿಕೊಂಡು ಬರುತ್ತದೆ. ಮನೆಯಲ್ಲೇ ಬೆಳೆದ ಸೊಪ್ಪಿಗೆ ಅಜ್ಜಿ ಕರೆದದ್ದೇ ಹೆಸರು. "ಹೋಗಿ ನಾಲ್ಕು ದಂಟು ಬಸಳೆ ಕೊಯ್ದುಕೊಂಡು ಬಾ" ಎಂದು ಮಗುವನ್ನು ಕಳುಹಿಸಲು ಹಿತ್ತಿಲಿನಲ್ಲಿ ಬಸಳೆ ಇರಬೇಕಲ್ಲವೇ? ಯಾವ ಸರಕಾರದ ಆಜ್ಞೆಯೂ ಬೇಡದ, ಯಾವ ಪಠ್ಯಪುಸ್ತಕಕ್ಕೂ ಕಾಯಬೇಕಾಗಿಲ್ಲದ ಕನ್ನಡ ಪಾಠವಿದು.

ಬಸಳೆಯ ಒಂದು ಗೇಣು ದಂಟಿಗೆ ಹಣ ಬೇಕಾಗಿಲ್ಲ. ನೆರೆಮನೆಯಲ್ಲಿ ಕೇಳಿದರೆ ಸಿಗುತ್ತದೆ. ಬಚ್ಚಲಿನ ನೀರು ಹರಿಯುವಲ್ಲಿ, ಬೆಳಗಿನ ಮೂರು ಗಂಟೆ ಬಿಸಿಲು ತಾಗುವ ಮಗ್ಗುಲಲ್ಲಿ ನೆಡಿ. ಎರಡು ತಿಂಗಳಲ್ಲಿ ಚಪ್ಪರ ಹಬ್ಬಲಾರಂಭಿಸುತ್ತದೆ. ಮುಂದಿನ ಭಾನುವಾರವೇ ನಾಲ್ಕು ಕಡ್ಡಿ ಹಿಡಿದು ಹಿತ್ತಿಲಿಗೆ ಇಳಿಯಿರೆಂದು ನಮ್ಮ ವಾಚಕರಲ್ಲಿ ವಿನಂತಿ.